ಬಿಸಿ ಪಾನೀಯವೂ ಅನ್ನನಾಳವೂ

ಕೊಲ್ಲೂರಿನ ದಾರಿ ಕವಲೊಡೆಯುವ ಹೆಮ್ಮಾಡಿಯಲ್ಲಿ ಬಸ್ಸಿಗೆ ಕಾಯುವ ಗಂಡಸರು ಹೊಗೆಯಾಡುವ ಚಹಾವನ್ನು ಅವಸರದಲ್ಲಿ ಗಂಟಲಿಗೆ ಇಳಿಸುವುದುಂಟು. ಸುಡುಬಿಸಿಯನ್ನು ತಡೆದುಕೊಳ್ಳುವುದು ಗಟ್ಟಿತನದ ಲಕ್ಷಣವೆಂಬ ಭಾವನೆಯೂ ನಮ್ಮಲ್ಲಿದೆ. ಇದನ್ನು ವಿಚಾರಿಸಿ ನೋಡುವುದು ಅವಶ್ಯವೆಂದು ನನ್ನ ಅಭಿಪ್ರಾಯ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1991ರಲ್ಲಿ ಕಾಫಿಯ ಮೇಲೆ ಮೂತ್ರಕೋಶದ ಕ್ಯಾನ್ಸರಿನ ಶಂಕೆಯನ್ನು ಹೊರಿಸಿತ್ತು. ಸಾಕಷ್ಟು ಆಧಾರವಿಲ್ಲವೆಂದು 2016ರಲ್ಲಿ ಅದನ್ನು ಕೈಬಿಟ್ಟಿತು. ಆದರೆ ಅದೇ ವರ್ಷ, 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಯಾವ ಪಾನೀಯವೇ ಆಗಲಿ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ಸಾರಿತು. ದೋಷವಿರುವುದು ಎಲೆಯಲ್ಲಲ್ಲ, ಬೀಜದಲ್ಲಲ್ಲ, ಶಾಖದಲ್ಲಿ. ನಮ್ಮ ಮನೆಯ ಕಷಾಯಕ್ಕೂ ಈ ಮಾತು ಸಲ್ಲುತ್ತದೆ. ಇರಾನಿನ ಗೊಲೆಸ್ತಾನ್ ಪ್ರಾಂತದಲ್ಲಿ ಐವತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೂ ಇದನ್ನೇ ಪುಷ್ಟೀಕರಿಸಿದೆ.

ಗಂಡಸರ ಪಾಲಿಗೆ ಇನ್ನೊಂದು ಮಾತಿದೆ. ಸುಡುಬಿಸಿ ಚಹಾದೊಡನೆ ಅತಿಯಾದ ಮದ್ಯವೋ ಧೂಮಪಾನವೋ ಸೇರಿದಾಗಲೇ ಅಪಾಯ ಬಲಿಯುತ್ತದೆಂದು ಚೀನಾದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2018ರಲ್ಲಿ ತಿಳಿಸಿತು. ಬೀಡಿಯನ್ನು ಬಿಡದವನು ಚಹಾವನ್ನಷ್ಟೇ ಆರಿಸಿಕೊಂಡು ಸಮಾಧಾನಪಡುವಂತಿಲ್ಲ.

ಬಸಿಗೆ ಸುರಿದು ಕುಡಿಯುತ್ತಿದ್ದ ಹಿರಿಯರನ್ನು ಕಂಡು ನಾವು ನಕ್ಕೆವು. ಆರಿಸಿ ಕುಡಿಯುವ ವಿವೇಕ ಅವರಲ್ಲಿತ್ತು. ನಮ್ಮ ಶಾಲೆಯ ಸಮಾರಂಭಗಳಲ್ಲಿ ಅತಿಥಿಗಳ ಕೈಗೆ ಲೋಟವನ್ನಿತ್ತು "ಆರುವ ಮುನ್ನ ಕುಡಿಯಿರಿ" ಎಂದು ಒತ್ತಾಯಿಸುವ ಉಪಚಾರವನ್ನು ಶಿಕ್ಷಕರು ನಿಲ್ಲಿಸಿದರೆ ಮಕ್ಕಳೂ ಅದನ್ನು ಗಮನಿಸುವರು. ಅನ್ನ ನುಂಗುವಾಗ ತಡೆದಂತಾಗುವುದು ವಾರಗಟ್ಟಲೆ ಉಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮಣಿಪಾಲದಂಥ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳತಕ್ಕದ್ದು.