ಹಿಡಿದು ಬಿಡುವ ಮೀನು, ಹಿಡಿದು ತಿನ್ನುವ ಮೀನು

ಒಂದೆರಡು ಕಿಲೋ ತೂಗುವ ಮೀನೊಂದನ್ನು ಹಿಡಿಯಲು, ಹಿಡಿದು ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡಲು ಜನ ಲಕ್ಷಗಟ್ಟಲೆ ಖರ್ಚು ಮಾಡಿ ಭೂಮಿಯ ಇನ್ನೊಂದು ಬದಿಗೆ ಹೋಗುತ್ತಾರೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗು ನಿಂತ ಮೇಲೆ ಸಾಮಾನ್ಯವಾಗಿ ಎರಡು ಅಭಿಪ್ರಾಯ ಬರುತ್ತವೆ. ಇದು ದುಡ್ಡಿದ್ದವರ ಶೋಕಿ, ಮೀನಿಗೆ ಸುಮ್ಮನೆ ಹಿಂಸೆ ಎನ್ನುವುದು ಒಂದು. ಮೀನು ಬದುಕುತ್ತದೆ, ದ್ವೀಪದವರಿಗೆ ಕೆಲಸ ಸಿಗುತ್ತದೆ, ಯಾರಿಗೇನು ನಷ್ಟ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಈ ಪ್ರವಾಸಿಗರು ಬರುವ ಮೊದಲು ಆ ಮೀನು ಯಾರ ಊಟವಾಗಿತ್ತು ಎಂಬ ಪ್ರಶ್ನೆ ಎರಡರಲ್ಲೂ ಇಲ್ಲ.

ಆಟದ ರೀತಿ ಮೊದಲು ತಿಳಿದಿರಲಿ. ಹವಳದ ದ್ವೀಪಗಳ ಸುತ್ತ, ಲಗೂನಿನ ಒಳಗೆ, ಮೊಣಕಾಲುದ್ದ ನೀರು ನಿಂತ ಮರಳಿನ ಬಯಲುಗಳಿರುತ್ತವೆ. ಇಂಗ್ಲಿಷಿನವರು ಅವನ್ನು ಫ್ಲ್ಯಾಟ್ಸ್ ಎನ್ನುತ್ತಾರೆ. ಉಬ್ಬರ ಏರುವಾಗ ಆಳದ ಮೀನುಗಳು ಸೀಗಡಿ, ಏಡಿ, ಹುಳುಗಳನ್ನು ಹುಡುಕುತ್ತ ಈ ಬಯಲಿಗೆ ಬರುತ್ತವೆ. ಅವುಗಳಲ್ಲಿ ಬೋನ್‌ಫಿಶ್ ಮುಖ್ಯ. ಬೆಳ್ಳಿ ಬಣ್ಣದ ಮೈ ಕನ್ನಡಿಯಂತೆ ಸುತ್ತಲಿನ ಮರಳನ್ನೇ ತೋರಿಸುವುದರಿಂದ ಮೀನು ಕಾಣುವುದಿಲ್ಲ, ಅದರ ನೆರಳು ಮಾತ್ರ ಕಾಣುತ್ತದೆ. ಗಾಳ ಹಾಕುವವನು ನೀರಿನಲ್ಲಿ ನಡೆಯುತ್ತ ಆ ನೆರಳನ್ನು ಹುಡುಕಬೇಕು. ಅದರ ದಾರಿಗೆ ಸರಿಯಾಗಿ, ಸದ್ದಾಗದಂತೆ, ದಾರ ಮತ್ತು ಪುಕ್ಕ ಸುತ್ತಿ ಸೀಗಡಿಯಂತೆ ಮಾಡಿದ ಪುಟ್ಟ ಕೊಕ್ಕೆಯನ್ನು ಇಳಿಸಬೇಕು. ಹೊರಗಿನಿಂದ ಬಂದವನ ಕಣ್ಣಿಗೆ ಆ ನೆರಳು ಸುಲಭಕ್ಕೆ ಬೀಳದು. ಅವನ ಪಕ್ಕದಲ್ಲಿ ನಿಂತ ದ್ವೀಪದ ಗೈಡ್ ನೋಡುತ್ತಾನೆ, ದಿಕ್ಕು ಹೇಳುತ್ತಾನೆ, ದೂರ ಹೇಳುತ್ತಾನೆ. ಇಡೀ ಆಟ ನಿಂತಿರುವುದು ಆ ಒಂದು ಜೋಡಿ ಕಣ್ಣಿನ ಮೇಲೆ.

ಈ ಆಟಕ್ಕೆ ಹೆಸರಾದ ಜಾಗಗಳಲ್ಲೊಂದು ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದ ಕಿರಿಟಿಮಾಟಿ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಹೀಗೆ. ಅಲ್ಲಿನವರ ಬಾಯಲ್ಲಿ ದೇಶ ‘ಕಿರಿಬಾಸ್’, ದ್ವೀಪ ‘ಕಿರಿಸ್ಮಸ್’. ಆ ಭಾಷೆಯ ಬರಹದಲ್ಲಿ ‘ಸ’ಕ್ಕೆ ಬೇರೆ ಅಕ್ಷರವಿಲ್ಲ, ‘ಟಿ’ ಎಂದು ಬರೆದದ್ದನ್ನೇ ‘ಸ್’ ಎಂದು ಓದುತ್ತಾರೆ. ಗಿಲ್ಬರ್ಟ್ಸ್ ಎಂಬ ಬ್ರಿಟಿಷ್ ಹೆಸರು ಹೀಗೆ ಕಿರಿಬಾಸ್ ಆಯಿತು, ಕ್ರಿಸ್‌ಮಸ್ ಎಂಬುದು ಕಿರಿಸ್ಮಸ್ ಆಯಿತು. 1777ರ ಡಿಸೆಂಬರ್ 24ರಂದು ಕ್ಯಾಪ್ಟನ್ ಕುಕ್ ಅಲ್ಲಿಗೆ ತಲುಪಿದ್ದರಿಂದ ಆ ಹೆಸರು. ದ್ವೀಪದ ಹಳ್ಳಿಗಳ ಹೆಸರು ಲಂಡನ್, ಬನಾನಾ, ಪೋಲೆಂಡ್. ಜನರಿಲ್ಲದೆ ಬಿದ್ದಿರುವ ಒಂದರ ಹೆಸರು ಪ್ಯಾರಿಸ್.

ಮೀನುಗಾರಿಕೆ ಪ್ರವಾಸದ ಜಾಹೀರಾತುಗಳಲ್ಲಿ ಇಂಥ ದ್ವೀಪಕ್ಕೆ ಬರುವ ವಿಶೇಷಣಗಳು ಹೆಚ್ಚುಕಡಿಮೆ ಒಂದೇ: ದೂರದ, ಯಾರೂ ಮುಟ್ಟದ, ಕೆಡದ. ದೂರದ್ದು ಎಂದರೆ ಯಾರಿಗೆ ದೂರ? ಹೊನೊಲುಲುವಿನಿಂದ ದಕ್ಷಿಣಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಎಂಬುದು ನಿಜ. ಆದರೆ ಅಲ್ಲಿ ಮನೆ ಮಾಡಿಕೊಂಡಿರುವ ಏಳು ಸಾವಿರದಷ್ಟು ಜನರಿಗೆ ಅದು ದೂರದ ದ್ವೀಪವಲ್ಲ, ಊರು. ಯಾರೂ ಮುಟ್ಟದ್ದು ಎಂಬುದಂತೂ ಪೂರ್ತಿ ಸುಳ್ಳು. ತೆಂಗಿನ ತೋಟ ಮಾಡಲು ದ್ವೀಪವನ್ನು ಗುತ್ತಿಗೆಗೆ ಕೊಡಲಾಗಿತ್ತು. ಕೂಲಿಯವರನ್ನು ಗಿಲ್ಬರ್ಟ್ ದ್ವೀಪಗಳಿಂದ ತರಲಾಯಿತು. 1957 ಮತ್ತು 58ರಲ್ಲಿ ಬ್ರಿಟನ್, 1962ರಲ್ಲಿ ಅಮೆರಿಕ ಅದರ ಸುತ್ತಮುತ್ತ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದವು. ಆಗಲೂ ಅಲ್ಲಿ ತೋಟದ ಕೆಲಸಗಾರರೂ ಅವರ ಕುಟುಂಬಗಳೂ ಇದ್ದವು. ಕಿರಿಬಾಟಿಗೆ ಸ್ವಾತಂತ್ರ್ಯ ಬಂದದ್ದು 1979ರಲ್ಲಿ. ಗಾಳದ ಪ್ರವಾಸಿಗರು ಬರತೊಡಗಿದ್ದು ಅದರ ಬೆನ್ನಿಗೇ, 1980ರ ದಶಕದಲ್ಲಿ. ‘ಕೆಡದ ಸ್ವರ್ಗ’ ಎಂಬ ಮಾತು ಈ ಚರಿತ್ರೆಯನ್ನೆಲ್ಲ ಒರೆಸಿ ಹಾಕುತ್ತದೆ.

ವಿಶೇಷಣದ ಮೇಲೆ ಇಷ್ಟು ಜಗಳವೇಕೆ ಎನ್ನಬಹುದು. ಕಾರಣವಿದೆ. ಖಾಲಿ ಎಂದು ಕರೆದ ಜಾಗಕ್ಕೆ ನಿಯಮ ಮಾಡುವಾಗ ಅಲ್ಲಿನವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಿಂದ 1968 ಮತ್ತು 1973ರ ನಡುವೆ ಅಲ್ಲಿನ ಜನರನ್ನು ಬ್ರಿಟನ್ ಹೊರಹಾಕಿತು. 2010ರಲ್ಲಿ ಅದೇ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆ ಘೋಷಣೆ ಅಂತರರಾಷ್ಟ್ರೀಯ ಕಡಲ ಕಾನೂನಿಗೆ ವಿರುದ್ಧವೆಂದು 2015ರಲ್ಲಿ ಮಧ್ಯಸ್ಥ ನ್ಯಾಯಮಂಡಳಿಯೇ ಹೇಳಬೇಕಾಯಿತು. ಮೀನನ್ನು ಉಳಿಸುವ ಒಳ್ಳೆಯ ಕೆಲಸವೂ ಜನರನ್ನು ಅಳಿಸುವ ಕೆಲಸವಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಕಿರಿಬಾಟಿಯ ಭಾಷೆಯಲ್ಲಿ ಬೋನ್‌ಫಿಶ್‌ಗೆ ‘ಇಕಾರಿ’ ಎನ್ನುತ್ತಾರೆ. ಮುಳ್ಳು ಜಾಸ್ತಿ ಎಂದು ಪ್ರವಾಸಿಗರು ತಿನ್ನಲು ಹಿಂಜರಿಯುವ ಈ ಮೀನು ಅಲ್ಲಿನವರಿಗೆ ತಲೆಮಾರುಗಳಿಂದ ಆಹಾರ. ರಾಜಧಾನಿ ಟರಾವಾದ ಲಗೂನಿನಲ್ಲಿ ಇಕಾರಿಗೆ ಏನಾಯಿತು ಎಂಬುದನ್ನು ರಾಬರ್ಟ್ ಜೊಹಾನೆಸ್ ಮತ್ತು ಕಿರಿಬಾಟಿಯವರೇ ಆದ ಬೀಯಿಂಗ್ ಯೀಟಿಂಗ್ ಎಂಬ ವಿಜ್ಞಾನಿಗಳು ಸುಮಾರು 2000ದ ಹೊತ್ತಿಗೆ ದಾಖಲಿಸಿದರು. ಅವರು ಮಾಡಿದ್ದು ಸರಳ ಕೆಲಸ: ಹಳೆಯ ಮೀನುಗಾರರನ್ನು ಅವರ ಭಾಷೆಯಲ್ಲಿ ಕೇಳಿದರು. ಮೊಟ್ಟೆಯಿಡುವ ಕಾಲಕ್ಕೆ ಮೀನುಗಳು ಹಿಂಡುಹಿಂಡಾಗಿ ಯಾವ ಹುಣ್ಣಿಮೆಯ ಹೊತ್ತಿಗೆ, ಯಾವ ದಾರಿಯಲ್ಲಿ ಹೊರಗಡಲಿಗೆ ಹೋಗುತ್ತವೆ ಎಂಬುದು ಆ ಜನರಿಗೆ ಬಾಯಿಪಾಠವಾಗಿತ್ತು. ದ್ವೀಪದಿಂದ ದ್ವೀಪಕ್ಕೆ ಕಟ್ಟಿದ ಏರಿರಸ್ತೆಗಳು ಆ ದಾರಿಗಳನ್ನು ಮುಚ್ಚಿದ್ದವು. ಅಗ್ಗದ ನೈಲಾನ್ ಬಲೆಗಳು ಉಳಿದ ಹಿಂಡುಗಳನ್ನು ಬಾಚಿದ್ದವು.

ಹಾಗಾಗಿ ದ್ವೀಪದವರನ್ನು ಅವರಷ್ಟಕ್ಕೆ ಬಿಟ್ಟರೆ ಎಲ್ಲವೂ ಸರಿಯಿರುತ್ತದೆ ಎಂದು ಹೇಳಲೂ ಆಗದು. ಊರು ಬೆಳೆದು ಬಲೆ ಅಗ್ಗವಾದರೆ ಅಲ್ಲೂ ಮೀನು ಮುಗಿಯುತ್ತದೆ. ಗಾಳದ ಪ್ರವಾಸದ ಪರವಾಗಿರುವ ನಿಜವಾದ ವಾದ ಇಲ್ಲಿದೆ. ಬಲೆಗೆ ಬಿದ್ದ ಇಕಾರಿಯ ಬೆಲೆ ಒಂದು ಹೊತ್ತಿನ ಊಟ. ಬಿಟ್ಟ ಇಕಾರಿ ಮತ್ತೆ ಮತ್ತೆ ಸಂಬಳ ತರಬಲ್ಲದು. ಕಿರಿಟಿಮಾಟಿಯ ಕೆಲವು ಬಯಲುಗಳಲ್ಲಿ ಬಲೆಗೆ ನಿರ್ಬಂಧ ಬಂದದ್ದು ಈ ಲೆಕ್ಕದಿಂದ. ಕೆರಿಬಿಯನ್ ತೀರದ ಬೆಲೀಜ್ ದೇಶ 2009ರಲ್ಲಿ ಬೋನ್‌ಫಿಶ್, ಟಾರ್ಪನ್, ಪರ್ಮಿಟ್ ಎಂಬ ಮೂರು ಮೀನುಗಳನ್ನು ಹಿಡಿದು ಬಿಡಲೇಬೇಕೆಂದು ಕಾನೂನು ಮಾಡಿತು. 2020ರಲ್ಲಿ ಗಿಲ್‌ನೆಟ್ ಬಲೆಯನ್ನೇ ನಿಷೇಧಿಸಿತು. ಗಾಳದವರ ದುಡ್ಡಿನ ಬಲವಿಲ್ಲದಿದ್ದರೆ ಇಂಥ ಕಾನೂನುಗಳು ಬರುವುದು ಕಷ್ಟವಿತ್ತು.

ಆದರೆ ಈ ವಾದದಲ್ಲಿ ಎರಡು ತೂತುಗಳಿವೆ.

ಮೊದಲನೆಯದು, ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಬಹಾಮಾಸಿನಲ್ಲಿ ಬಿಟ್ಟ ಬೋನ್‌ಫಿಶ್‌ಗಳನ್ನು ಹಿಂಬಾಲಿಸಿ ನೋಡಿದ ವಿಜ್ಞಾನಿಗಳಿಗೆ ಕಂಡದ್ದು, ಕೊಕ್ಕೆಯ ಗಾಯಕ್ಕಿಂತ ದೊಡ್ಡ ಅಪಾಯ ಬಿಟ್ಟ ನಂತರದ ಕೆಲವು ನಿಮಿಷಗಳದ್ದು ಎಂದು. ಹೆಚ್ಚು ಹೊತ್ತು ಎಳೆದಾಡಿ, ನೀರಿನಿಂದ ಮೇಲೆತ್ತಿ, ಒಣಗೈಯಲ್ಲಿ ಹಿಡಿದು ಫೋಟೊ ತೆಗೆದ ಮೀನು ಸಮತೋಲ ತಪ್ಪಿ ವಾಲುತ್ತದೆ. ಹತ್ತಿರದಲ್ಲಿ ಶಾರ್ಕ್ ಇದ್ದರೆ ಅಲ್ಲಿಗೆ ಮುಗಿಯಿತು. ಶಾರ್ಕ್ ಕಡಿಮೆಯಿರುವ ಕಡೆ ಬದುಕುವ ಮೀನು, ಹೆಚ್ಚಿರುವ ಕಡೆ ಸಾಯುತ್ತದೆ. ವಿಚಿತ್ರವೆಂದರೆ, ‘ಕೆಡದ’ ಕಡಲು ಎಂದರೆ ಶಾರ್ಕ್ ಹೆಚ್ಚಿರುವ ಕಡಲೇ. ಫೋಟೊ ಬಿಟ್ಟುಕೊಟ್ಟರೆ, ಮೀನನ್ನು ನೀರಿನಲ್ಲೇ ಇಟ್ಟು ಕೊಕ್ಕೆ ತೆಗೆದರೆ, ಶಾರ್ಕ್ ಕಂಡಾಗ ಗಾಳ ಎತ್ತಿಟ್ಟರೆ ಈ ತೂತನ್ನು ಬಹುಮಟ್ಟಿಗೆ ಮುಚ್ಚಬಹುದು.

ಎರಡನೆಯದು ಅಷ್ಟು ಸುಲಭವಲ್ಲ. ಬಿಡುವುದು ಪುಣ್ಯ ಎಂದಾದ ಕೂಡಲೇ ತಿನ್ನುವುದು ಪಾಪವಾಗುತ್ತದೆ. ಅಜ್ಜನ ಕಾಲದಿಂದ ಬಲೆ ಬೀಸುತ್ತಿದ್ದವನು ಒಂದು ಸುತ್ತೋಲೆಯಿಂದ ಕಳ್ಳಬೇಟೆಗಾರನಾಗುತ್ತಾನೆ. ಮೀನಿಗೆ ಕೊಕ್ಕೆ ಚುಚ್ಚಿ ಆಟವಾಡುವವನು ಸಂರಕ್ಷಕ, ಮಕ್ಕಳಿಗೆ ಸಾರು ಮಾಡಲು ಅದನ್ನು ಒಯ್ಯುವವನು ಅಪರಾಧಿ ಎಂಬ ಲೆಕ್ಕದಲ್ಲಿ ಏನೋ ತಿರುಗುಮುರುಗಾಗಿದೆ. ಆಟದ ದುಡ್ಡು ಖಾಯಂ ಅಲ್ಲ ಎಂಬುದೂ ನೆನಪಿರಬೇಕು. 2020ರಲ್ಲಿ ಕೋವಿಡ್ ಬಂದಾಗ ಕಿರಿಬಾಟಿ ಗಡಿ ಮುಚ್ಚಿತು; ಪ್ರವಾಸಿಗರಿಗೆ ಅದು ತೆರೆದದ್ದು 2022ರ ಆಗಸ್ಟಿನಲ್ಲಿ. ಅಷ್ಟು ಕಾಲ ವಿಮಾನದಿಂದ ಗಾಳದವರು ಇಳಿಯಲಿಲ್ಲ, ಹಸಿವು ಮಾತ್ರ ರಜೆ ಹಾಕಲಿಲ್ಲ. ಅಂಥ ದಿನಗಳಲ್ಲಿ ಕೈಹಿಡಿಯಬೇಕಾದದ್ದು ಅದೇ ಬಯಲು, ಅದೇ ಮೀನು.

ಕರ್ನಾಟಕಕ್ಕೆ ಈ ಜಗಳ ಹೊಸದಲ್ಲ. ಕಾವೇರಿಯ ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಕಳಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಮಹಶೀರ್ ಮೀನನ್ನು ಹಿಡಿದು ಬಿಡುವ ಆಟ ನಡೆಯಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಗೈಡುಗಳಾದರು. ವನ್ಯಧಾಮದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ ಎಂಬ ನಿಲುವು ಗಟ್ಟಿಯಾಗಿ 2012ರ ಹೊತ್ತಿಗೆ ಅದು ನಿಂತಿತು. ಆಮೇಲೆ ಗೊತ್ತಾದ ಸಂಗತಿಯೊಂದಿದೆ. ಗಾಳಿಬೋರೆಯಲ್ಲಿ 1998ರಿಂದ ಗಾಳದವರು ಬರೆದಿಟ್ಟ ದಿನಚರಿ ಪುಸ್ತಕಗಳನ್ನು ಸಂಶೋಧಕರು ತೆಗೆದು ನೋಡಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ, ಕಾವೇರಿಯದ್ದೇ ಆದ ಗೂನುಬೆನ್ನಿನ ಮಹಶೀರ್ ಕಣ್ಮರೆಯಾಗುತ್ತ ಬಂದದ್ದು ಕಂಡಿತು. 2018ರಲ್ಲಿ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಆಟವನ್ನು ನಿಲ್ಲಿಸಿದ್ದರಿಂದ ಮೀನು ಉಳಿಯಲಿಲ್ಲ, ಆಟವಿದ್ದಾಗಲೂ ಉಳಿದಿರಲಿಲ್ಲ. ಉಳಿದದ್ದು ಲೆಕ್ಕದ ಪುಸ್ತಕ ಮಾತ್ರ. ಬೇಕೋ ಬೇಡವೋ ಎಂಬ ವಾದದ ಎರಡೂ ಕಡೆಯವರು ಇದನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಈ ಪ್ರಶ್ನೆ ಇನ್ನೂ ಹತ್ತಿರಕ್ಕೆ ಬರಲಿದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಕಚೇರಿ ಕಾಗದ ಹೋಗುತ್ತಿದ್ದದ್ದು ಮಂಗಳೂರಿಗೆ. ಅಲ್ಲಿನ ಲಗೂನುಗಳ ಮೇಲೆ ಈಗ ಪ್ರವಾಸೋದ್ಯಮದ ಕಣ್ಣಿದೆ. ನೀರಿನ ಮೇಲೆ ವಿಲ್ಲಾ ಕಟ್ಟುವ ಯೋಜನೆಗಳಿವೆ. ಮೊಣಕಾಲುದ್ದದ ತಿಳಿನೀರು ಇರುವ ಕಡೆಗೆ ಗಾಳದ ಪ್ರವಾಸಿಗರು ಇಂದಲ್ಲ ನಾಳೆ ಬಂದೇ ಬರುತ್ತಾರೆ. ಅವರಿಗೆ ಖಾಲಿಯಾಗಿ ಕಾಣುವ ಆ ನೀರು ಖಾಲಿಯಲ್ಲ. ಲಕ್ಷದ್ವೀಪದವರು ಟ್ಯೂನಾ ಹಿಡಿಯುವುದು ಕೋಲು ಮತ್ತು ಗಾಳದಿಂದ. ಆ ಗಾಳದ ಮುಂದೆ ಎರಚುವ ಜೀವಂತ ಮರಿಮೀನು ಸಿಗುವುದು ಲಗೂನಿನಲ್ಲಿ. ಇಳಿತದ ಹೊತ್ತಿಗೆ ಹೆಂಗಸರೂ ಮಕ್ಕಳೂ ದಿಬ್ಬದ ಮೇಲೆ ನಡೆದು ಆಕ್ಟೋಪಸ್, ಚಿಪ್ಪು ಆಯುತ್ತಾರೆ. ಅದು ಅವರ ಗದ್ದೆ, ಅವರ ಕಣಜ.

ಹಾಗಾದರೆ ಬೇಡ ಎನ್ನಬೇಕೆ? ಬೇಕಿಲ್ಲ. ಈ ಆಟ ದೊಡ್ಡ ಹೋಟೆಲುಗಳಿಗಿಂತ, ಜೆಟ್‌ಸ್ಕೀಗಳಿಗಿಂತ ಕಡಿಮೆ ಹಾನಿಯದು. ಅದಕ್ಕೆ ಕೆಡದ ನೀರೇ ಬೇಕಾದ್ದರಿಂದ ನೀರನ್ನು ಕಾಯುವವರ ಪಕ್ಷ ವಹಿಸುವ ಕಾರಣ ಅದಕ್ಕಿದೆ. ಬೇಕಿರುವುದು ಬರುವ ಮೊದಲೇ ಮಾಡಿಕೊಂಡ ಕರಾರು. ಯಾವ ಬಯಲು ಊಟಕ್ಕೆ, ಯಾವುದು ಆಟಕ್ಕೆ ಎಂಬುದನ್ನು ದ್ವೀಪದವರು ತಮ್ಮ ಭಾಷೆಯಲ್ಲಿ ಕೂತು ತೀರ್ಮಾನಿಸಬೇಕು. ಮೊಟ್ಟೆಯಿಡುವ ಹುಣ್ಣಿಮೆಯ ದಿನಗಳಲ್ಲಿ ಬಲೆಗೂ ರಜೆ, ಗಾಳಕ್ಕೂ ರಜೆ ಎಂದಿರಬೇಕು. ಒಬ್ಬರಿಗೆ ಮಾತ್ರ ಕಟ್ಟಳೆ ಇರಬಾರದು. ಪರವಾನಗಿಯ ಹಣ ದ್ವೀಪದಲ್ಲೇ ಉಳಿಯಬೇಕು. ನೆರಳು ನೋಡಬಲ್ಲವನು ದಿನಗೂಲಿಯ ಗೈಡ್ ಆಗಿಯೇ ಮುಗಿಯದೆ ದೋಣಿಯ, ವಸತಿಗೃಹದ ಪಾಲುದಾರನಾಗಬೇಕು. ಹಿಡಿದ, ಬಿಟ್ಟ, ತಿಂದ ಮೀನಿನ ಲೆಕ್ಕ ಎಲ್ಲರೂ ನೋಡುವಂಥ ಪುಸ್ತಕದಲ್ಲಿ ಇರಬೇಕು. ಊಟಕ್ಕೆ ಕಷ್ಟ ಬಂದ ವರ್ಷ ಆಟದ ಬಯಲನ್ನೂ ಊಟಕ್ಕೆ ಬಿಟ್ಟುಕೊಡಲಾಗುವುದು ಎಂಬ ಮಾತು ಕರಾರಿನ ಮೊದಲ ಸಾಲಾಗಿರಬೇಕು.

ಇಷ್ಟಕ್ಕೆ ಒಪ್ಪದ ಕಂಪನಿಗೆ ಬೇಕಾಗಿರುವುದು ಜನರಿಲ್ಲದ ದ್ವೀಪ. ಅಂಥ ಕಂಪನಿಯನ್ನು ದ್ವೀಪದವರು ದಕ್ಕೆಯಿಂದಲೇ ವಾಪಸು ಕಳಿಸಿದರೆ ತಪ್ಪಿಲ್ಲ.