ಬೈಕಲಾ ಬರೀ ಇಳಿದು ಹೋಗೋ ಸ್ಟೇಷನ್ ಅಲ್ಲ

1/8
ಸಿಎಸ್‌ಎಂಟಿ ಎದುರು ನಿಂತು ಫೋಟೋ ತೆಗೆಸಿಕೊಳ್ಳದ ಮುಂಬೈಯವರು ಯಾರಿದ್ದೀರಿ, ಕೈ ಎತ್ತಿ. ಯಾರೂ ಇಲ್ಲ. ಸರಿ, ಅಲ್ಲಿಂದ ಮೂರನೇ ಸ್ಟೇಷನ್ ಬೈಕಲಾ. ದಿನಾ ಅದರ ಮೇಲೇ ಹೋಗ್ತೀರಿ, ಬರ್ತೀರಿ. ಅಲ್ಲಿ ಒಮ್ಮೆಯಾದರೂ ತಲೆ ಎತ್ತಿ ನೋಡಿದ್ದೀರಾ? ನಮಗೆ ಪರಂಪರೆ ಅಂದ್ರೆ ಗುಮ್ಮಟ ಇರಬೇಕು, ರಾತ್ರಿ ಲೈಟಿಂಗ್ ಇರಬೇಕು. ಲೋಕಲ್ ನಿಲ್ಲೋ ಸ್ಟೇಷನ್ ಮಾತ್ರ ಗಲೀಜು, ಗದ್ದಲ, ಅಷ್ಟೆ. ಈ ಸರಣಿಯಲ್ಲಿ ನನ್ನ ಜಗಳ ಇರೋದೇ ಈ ಯೋಚನೆ ಜೊತೆ.

2/8
ಮೊದಲು ಲೆಕ್ಕ ನೋಡಿ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿ ಬಂದರ್‌ನಿಂದ ಠಾಣೆಗೆ ಹೊರಟಿತು. ದೂರ 34 ಕಿ.ಮೀ., ಬೋಗಿಗಳು 14, ಅತಿಥಿಗಳು ಸುಮಾರು 400. ಆ ಬೋರಿ ಬಂದರ್ ನಿಲ್ದಾಣ ಈಗ ಇಲ್ಲ. ಅದರ ಬದಲಿಗೆ ಎದ್ದು ನಿಂತದ್ದೇ ಇಂದಿನ ಸಿಎಸ್‌ಎಂಟಿ, ಕಟ್ಟಿದ್ದು 1878ರಿಂದ 1888ರವರೆಗೆ. ಬೈಕಲಾ ಕೂಡ 1853ರದ್ದೇ. ಶುರುವಾದಾಗ ಮರದ ಕಟ್ಟಡ, ಈಗ ನೋಡುವ ಕಟ್ಟಡ ಪೂರ್ತಿಯಾಗಿದ್ದು 1891ರಲ್ಲಿ. ಅದಕ್ಕೂ ಮುಂಚೆ, 1852ರಲ್ಲೇ, ಹಳಿ ಹಾಕೋ ಕೆಲಸಕ್ಕೆ ಗವರ್ನರ್ ಫಾಕ್‌ಲ್ಯಾಂಡ್ ಹೆಸರಿನ ಇಂಜಿನ್ ಇಲ್ಲಿನ ಬಯಲಿಗೆ ಬಂದಾಗ ನೋಡೋಕೆ ಜನ ಮುಗಿಬಿದ್ದಿದ್ದರು.

ಕಲ್ಲಿನ ವಯಸ್ಸು ಬೇರೆ, ಜಾಗದ ವಯಸ್ಸು ಬೇರೆ. ಅಂದಿನಿಂದ ಇಂದಿನವರೆಗೂ ಜನ ಹತ್ತಿ ಇಳೀತಾನೇ ಇದ್ದಾರಲ್ಲ, ನಾನು ಪರಂಪರೆ ಅನ್ನೋದು ಅದಕ್ಕೆ.

3/8
ಆಗ ಬೈಕಲಾ ಊರ ಹೊರಗಿನ ಪ್ರದೇಶ. ಕೋಟೆಯೊಳಗಿನ ಇಕ್ಕಟ್ಟು ಬೇಡ ಅಂತ ಹಣವಂತರು ಬಂಗಲೆ ಕಟ್ಟಿಕೊಂಡಿದ್ದ ಕಡೆ. ಆಮೇಲೆ ಸುತ್ತಮುತ್ತ ಬಟ್ಟೆ ಗಿರಣಿಗಳು ಬಂದವು, ಚಾಳ್‌ಗಳು ಎದ್ದವು, ಬಂಗಲೆಯವರು ಬೇರೆ ಕಡೆ ಹೋದರು. ಒಂದು ಹೊರವಲಯ ಹೇಗೆ ನಗರದ ಹೊಟ್ಟೆಯೊಳಗೆ ಸೇರಿಕೊಂಡಿತು ಅನ್ನೋದನ್ನು ಈ ಸ್ಟೇಷನ್ ನಿಂತಲ್ಲೇ ನಿಂತು ನೋಡಿದೆ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಕನ್ನಡಿಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದದ್ದು ಈ ಲೋಕಲ್‌ಗಳ ನಗರದಲ್ಲೇ. ರಾಜರ ಕಥೆ ಹೇಳೋಕೆ ಅರಮನೆಗಳಿವೆ. ದುಡಿದವರ ಕಥೆ ಹೇಳೋಕೆ ಇಂಥ ಸ್ಟೇಷನ್ ಬಿಟ್ಟರೆ ಏನಿದೆ?

4/8
“ಬ್ರಿಟಿಷರು ಕಟ್ಟಿದ್ದು, ನಾವ್ಯಾಕೆ ತಲೆ ಕೆಡಿಸ್ಕೊಬೇಕು?” ಅಂತ ಕಾಮೆಂಟ್ ಹಾಕೋರಿಗೆ ಒಂದು ಮಾತು. ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ, ನಿಜ. ಆದರೆ 1849ರ ಒಪ್ಪಂದದಲ್ಲಿ ಹೂಡಿಕೆದಾರರಿಗೆ ಶೇ. 5ರ ಆದಾಯ ಖಾತ್ರಿ ಅಂತ ಈಸ್ಟ್ ಇಂಡಿಯಾ ಕಂಪನಿ ಬರೆದುಕೊಟ್ಟಿತ್ತು. ಲಾಭ ಕಡಿಮೆ ಬಿದ್ದರೆ ತುಂಬಿಕೊಡೋದು ಇಲ್ಲಿನ ಬೊಕ್ಕಸದಿಂದ. ಅಂದ್ರೆ ಇಲ್ಲಿನ ರೈತ ಕಟ್ಟಿದ ಕಂದಾಯದಿಂದ. ಮುಂಬೈಗೆ ರೈಲು ತರೋ ಪ್ರಯತ್ನದಲ್ಲಿ ಜಗನ್ನಾಥ ಶಂಕರಶೇಠ್, ಜಮ್ಶೆಟ್‌ಜೀ ಜೀಜೀಭಾಯ್ ಮುಂದೆ ನಿಂತಿದ್ದರು. ಮಣ್ಣು ಹೊತ್ತವರು, ಕಲ್ಲು ಕೆತ್ತಿದವರು ಇಲ್ಲಿಯವರು. ಬೆವರು ನಮ್ಮದು, ದುಡ್ಡೂ ನಮ್ಮದು. ಇಷ್ಟೆಲ್ಲ ಕೊಟ್ಟ ಮೇಲೆ “ನಮ್ಮದಲ್ಲ” ಅಂತ ಕೈ ತೊಳೆದುಕೊಂಡರೆ ನಷ್ಟ ಬ್ರಿಟಿಷರಿಗಲ್ಲ, ನಮಗೇ.

5/8
ಎರಡನೇ ವಾದ ಇದಕ್ಕಿಂತ ಗಟ್ಟಿ. “ಜನ ನೂಕುನುಗ್ಗಲಲ್ಲಿ ಸಾಯ್ತಿದ್ದಾರೆ, ನಿನಗೆ ಹಳೇ ಕಿಟಕಿ ಚಿಂತೆ.” 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆಯಲ್ಲಿ 23 ಜನ ಕಾಲ್ತುಳಿತಕ್ಕೆ ಬಲಿಯಾದರು. ಅದನ್ನು ಮರೆತು ಪರಂಪರೆ ಬಗ್ಗೆ ಭಾಷಣ ಬಿಗಿಯೋಕೆ ಯಾರಿಗೂ ಹಕ್ಕಿಲ್ಲ, ನನಗೂ ಇಲ್ಲ. ಆದರೆ ಅವರು ಸತ್ತಿದ್ದು ಹಳೇ ಕಟ್ಟಡ ಉಳಿಸಿದ್ದಕ್ಕಲ್ಲ. ಅಷ್ಟು ಜನಕ್ಕೆ ಆ ಇಕ್ಕಟ್ಟಾದ ಮೆಟ್ಟಿಲು ಸಾಲದೆ ಹೋಯಿತು, ಹೊಸ ಸೇತುವೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಗಲವಾದ ಸೇತುವೆ ಬೇಕು, ಲಿಫ್ಟ್ ಬೇಕು, ವೀಲ್‌ಚೇರ್ ಹತ್ತೋ ಇಳಿಜಾರು ಬೇಕು. ಇದಕ್ಕೆಲ್ಲ ನೂರು ವರ್ಷದ ಟಿಕೆಟ್ ಹಾಲ್ ಕೆಡವಲೇಬೇಕು ಅನ್ನೋದು ಸೋಮಾರಿತನದ ವಾದ. ಕೆಡವೋದು ಸುಲಭ, ಯೋಚಿಸಿ ಜೋಡಿಸೋದು ಕಷ್ಟ. ಅಷ್ಟೇ ವ್ಯತ್ಯಾಸ.

6/8
ಸಾಕ್ಷಿ ಬೇಕಾ? ಬೈಕಲಾದಲ್ಲೇ ಇದೆ. 2019ರಿಂದ 2022ರವರೆಗೆ ಇದರ ಜೀರ್ಣೋದ್ಧಾರ ನಡೆಯಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. ಪದರ ಪದರ ಬಳಿದಿದ್ದ ಬಣ್ಣ ತೆಗೆದರು, ಗೋಡೆ ಮೇಲೆ ಬಳ್ಳಿಯಂತೆ ಹಬ್ಬಿದ್ದ ಕೇಬಲ್ ಸರಿಪಡಿಸಿದರು, ಆಮೇಲೆ ಅಂಟಿಸಿದ್ದ ಬೇಡದ ಕಟ್ಟಣೆ ಬಿಚ್ಚಿದರು. ಆ ವರ್ಷಗಳಲ್ಲೂ ಸ್ಟೇಷನ್ ಸ್ಟೇಷನ್ನಾಗಿಯೇ ಇತ್ತು. 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯೂ ಬಂತು. ಮ್ಯೂಸಿಯಂ ಮಾಡಿ ಬೀಗ ಹಾಕಲಿಲ್ಲ ನೋಡಿ, ನನಗೆ ಪ್ರಶಸ್ತಿಗಿಂತ ಅದು ದೊಡ್ಡದು. ಅದೇ ಬಾಗಿಲಲ್ಲಿ ಇವತ್ತೂ ಮೀನಿನ ಬುಟ್ಟಿ ಹೋಗುತ್ತೆ, ಆಫೀಸ್ ಬ್ಯಾಗ್ ಹೋಗುತ್ತೆ.

7/8
ಈಗ ಯಾಕೆ ಇಷ್ಟು ಕೂಗಾಡ್ತಿದ್ದೀನಿ? 2023ರ ಆಗಸ್ಟ್ 6ರಂದು ಅಮೃತ್ ಭಾರತ್ ಯೋಜನೆಯಲ್ಲಿ ಒಂದೇ ದಿನ 508 ನಿಲ್ದಾಣಗಳ ಮರುಅಭಿವೃದ್ಧಿಗೆ ಶಂಕುಸ್ಥಾಪನೆ ಆಯಿತು. ಒಳ್ಳೆಯದೇ, ಶೌಚಾಲಯ ಬೇಕು, ನೆರಳು ಬೇಕು. ಆದರೆ ಎಲ್ಲ ಊರಿಗೂ ಒಂದೇ ಗಾಜಿನ ಮುಖ ಅಂಟಿಸಿದರೆ ಇಳಿದವನಿಗೆ ಯಾವ ಊರು ಅಂತ ಬೋರ್ಡ್ ಓದಿಯೇ ಗೊತ್ತಾಗಬೇಕು. ಬೆಂಗಳೂರಲ್ಲಿ ಓದೋ ಗೆಳೆಯರೇ, ನಿಮ್ಮಲ್ಲೂ ಉಪನಗರ ರೈಲಿನ ಕೆಲಸ ನಡೀತಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗೋ ಹಳಿ ಪಕ್ಕ ನಂದಿ ಹಾಲ್ಟ್ ಅಂಥ ಪುಟ್ಟ ಹಳೇ ನಿಲ್ದಾಣಗಳಿವೆ. ಒಂದು ಭಾನುವಾರ ಹೋಗಿ ನೋಡಿ ಬನ್ನಿ.

8/8
ನಿಮ್ಮಿಂದ ನಾನು ಕೇಳೋದು ಇಷ್ಟೇ. ಹಳೇ ಕಲ್ಲಿನ ಮೇಲೆ ಉಗೀಬೇಡಿ, ಪೋಸ್ಟರ್ ಅಂಟಿಸಬೇಡಿ, ಹೆಸರು ಕೆತ್ತಬೇಡಿ. ನಿಮ್ಮೂರ ಸ್ಟೇಷನ್ನಿನ ಹೊಸ ನಕ್ಷೆ ಬಂದ ದಿನ ಮೂರು ಪ್ರಶ್ನೆ ಕೇಳಿ: ಏನು ಉಳೀತದೆ? ಏನು ಹೋಗ್ತದೆ? ಇದನ್ನು ಯಾರು ತೀರ್ಮಾನಿಸಿದರು? ಕೆಡವಿದ ಮೇಲೆ “ಛೇ, ಎಷ್ಟು ಚೆಂದ ಇತ್ತು” ಅಂತ ಹಳೇ ಫೋಟೋ ಹಾಕೋ ಕೆಲಸಕ್ಕೆ ನನ್ನನ್ನು ಕರೀಬೇಡಿ. ನಿಮ್ಮೂರ ಸ್ಟೇಷನ್ ಯಾವ ವರ್ಷದ್ದು? ಗೊತ್ತಿದ್ದರೆ ಕೆಳಗೆ ಬರೀರಿ. ಗೊತ್ತಿಲ್ಲದಿದ್ದರೆ ನಾಳೆ ವಿಚಾರಿಸಿ ಬಂದು ಬರೀರಿ.

#ಬೈಕಲಾ #ಲೋಕಲ್‌ಪರಂಪರೆ #ನಮ್ಮೂರಸ್ಟೇಷನ್ #ಮುಂಬೈಕನ್ನಡಿಗರು