ಕಡಲಡಿಯ ಪಿಂಗಾಣಿ ಯಾರಪ್ಪನ ಸ್ವತ್ತು?

1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆ ಒಂದು ಹರಾಜು ನಡೆಸಿತು. ಮಾಲು ಚೀನಾದ ಪಿಂಗಾಣಿ, ಲಕ್ಷಕ್ಕೂ ಹೆಚ್ಚು ತಟ್ಟೆ, ಬಟ್ಟಲು, ಕಪ್ಪು-ಸಾಸರ್. 1752ರ ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಬಂಡೆಗೆ ಬಡಿದು ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸನ್‌ನಿಂದ ಮೈಕೆಲ್ ಹ್ಯಾಚರ್ ಎಂಬಾತ ಅದನ್ನು ಮೇಲೆತ್ತಿದ್ದ. ಚೀನಾ ಸರ್ಕಾರ ಸುಮಾರು 30 ಸಾವಿರ ಡಾಲರ್ ಕೊಟ್ಟು ಇಬ್ಬರು ತಜ್ಞರನ್ನು ಕಳಿಸಿತ್ತು. ಒಂದು ಬಟ್ಟಲೂ ದಕ್ಕಲಿಲ್ಲ, ಬರಿಗೈಲಿ ವಾಪಸ್ಸಾದರು.

ಇಂದಿನ ಕಡಲ ರಾಜಕೀಯದ ಒಂದು ಎಳೆ ಅಲ್ಲಿಂದಲೇ ಶುರುವಾಗುತ್ತದೆ.

ಮರುವರ್ಷವೇ ಚೀನಾ ನೀರಡಿಯ ಪುರಾತತ್ವಕ್ಕೆ ಕೈಹಾಕಿತು. ಅದೇ 1987ರಲ್ಲಿ ಪತ್ತೆಯಾದ ಸಾಂಗ್ ಕಾಲದ 'ನನ್ಹಾಯ್ 1' ಹಡಗನ್ನು 2007ರಲ್ಲಿ ಕೆಸರಿನ ಸಮೇತ ದೈತ್ಯ ಉಕ್ಕಿನ ಪೆಟ್ಟಿಗೆಯಲ್ಲಿ ಎತ್ತಿ ತಂದು, ಅದಕ್ಕೆಂದೇ ಕಟ್ಟಿದ ಮ್ಯೂಸಿಯಂನಲ್ಲಿಟ್ಟಿತು. ಒಳಗೆ ಸಿಕ್ಕ ವಸ್ತುಗಳು 1.8 ಲಕ್ಷ ದಾಟಿವೆ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂದ್ರೆ, ಮುಳುಗಿದ ಹಡಗು ಒಂದು ಲಾಗ್ ಫೈಲ್ ಇದ್ದ ಹಾಗೆ. ಯಾವ ಬಟ್ಟಲು ಯಾವುದರ ಪಕ್ಕ, ಎಷ್ಟು ಆಳದಲ್ಲಿ, ಹೇಗೆ ಪ್ಯಾಕ್ ಆಗಿತ್ತು ಅನ್ನೋದರಲ್ಲೇ ಅಂದಿನ ವ್ಯಾಪಾರದ ಕತೆ ಇದೆ. ಬಟ್ಟಲು ಮಾತ್ರ ಕಿತ್ತು ಮಾರಿದರೆ ಉಳಿಯೋದು ಷೋಕೇಸಿನ ಅಲಂಕಾರ. 100 ವರ್ಷ ನೀರಡಿಯಲ್ಲಿದ್ದ ಪರಂಪರೆಯನ್ನು ವ್ಯಾಪಾರಕ್ಕಿಡಬಾರದೆಂದು ಯುನೆಸ್ಕೋದ 2001ರ ಒಪ್ಪಂದ ಹೇಳೋದು ಇದಕ್ಕೇ.

ಆದರೆ ಬಡ ದೇಶದ ಪಾಡೇನು? ಕಾವಲಿಗೆ ದೋಣಿಯಿಲ್ಲ, ಉತ್ಖನನಕ್ಕೆ ದುಡ್ಡಿಲ್ಲ. ಸುಮ್ಮನಿದ್ದರೆ ಕಳ್ಳರು ದೋಚುತ್ತಾರೆ. ಇಂಡೋನೇಷ್ಯಾದ ಬೆಲಿತುಂಗ್ ಬಳಿ 1998ರಲ್ಲಿ ಕಡಲಸೌತೆ ಹಿಡಿಯುವ ಮುಳುಗುಗಾರರಿಗೆ 9ನೇ ಶತಮಾನದ ಹಡಗು ಸಿಕ್ಕಿತು. ಖಾಸಗಿ ಕಂಪನಿ ಎತ್ತಿದ ಸುಮಾರು 60 ಸಾವಿರ ವಸ್ತುಗಳಲ್ಲಿ ಬಹುಪಾಲನ್ನು ಸಿಂಗಪುರ 2005ರಲ್ಲಿ ಸುಮಾರು 3.2 ಕೋಟಿ ಡಾಲರ್‌ಗೆ ಕೊಂಡಿತು. ವ್ಯಾಪಾರದ ಉದ್ದೇಶದ ಉತ್ಖನನವೆಂದು ಪುರಾತತ್ವಜ್ಞರು ತಕರಾರು ತೆಗೆದಿದ್ದರಿಂದ ಅಮೆರಿಕದ ಸ್ಮಿತ್‌ಸೋನಿಯನ್ ತನ್ನ ಪ್ರದರ್ಶನ ಕೈಬಿಟ್ಟಿತು. ತಕರಾರು ನ್ಯಾಯವೇ. ಆದರೂ ಆ ಸಂಗ್ರಹ ಚೆಲ್ಲಾಪಿಲ್ಲಿಯಾಗದೆ ಉಳಿದಿದೆ ಅನ್ನೋದೂ ನಿಜ.

ಹಾಗಂತ ಸರ್ಕಾರದ ಕೈಗೆ ಬಂದ ಕೂಡಲೇ ಎಲ್ಲ ಪವಿತ್ರವೂ ಅಲ್ಲ. ವಿಯೆಟ್ನಾಂ ಕೂಡ ಹಕ್ಕು ಹೇಳುವ ಪ್ಯಾರಾಸೆಲ್ ದ್ವೀಪಗಳಲ್ಲಿ ಚೀನಾ ಉತ್ಖನನ ಮಾಡಿದೆ. 2012ರಲ್ಲಿ ಸ್ಕಾರ್ಬರೋ ಹವಳದಿಬ್ಬದ ಬಳಿ ಪುರಾತತ್ವ ಹಡಗಿಗೆ ಚೀನೀ ನೌಕೆಗಳು ಕಿರುಕುಳ ಕೊಟ್ಟವೆಂದು ಫಿಲಿಪ್ಪೀನ್ಸ್ ದೂರಿತು. 2022ರಲ್ಲಿ 1,500 ಮೀಟರ್ ಆಳದಲ್ಲಿ ಎರಡು ಮಿಂಗ್ ಹಡಗುಗಳು ಸಿಕ್ಕಿದ್ದು ವಿಜ್ಞಾನದ ಸಾಧನೆ. ಆದರೆ 'ನಮ್ಮ ಪೂರ್ವಜರು ಇಲ್ಲಿ ಓಡಾಡಿದ್ದರು' ಎಂಬ ವಾದಕ್ಕೂ ಅವು ಒದಗುತ್ತವೆ.

ಪಿಂಗಾಣಿ ಚೀನಾದ್ದು ನಿಜ. ಆದರೆ ಗೆಲ್ಡರ್‌ಮಾಲ್ಸನ್ ಡಚ್ಚರ ಹಡಗು; ಬೆಲಿತುಂಗ್‌ನದು ಅರಬ್ ಶೈಲಿಯ, ಹಲಗೆಗಳನ್ನು ಹಗ್ಗದಿಂದ ಹೊಲಿದ ಹಡಗು. ಮಾಲು ಒಬ್ಬರದು, ಹಡಗು ಇನ್ನೊಬ್ಬರದು, ಗಿರಾಕಿ ಮತ್ತೊಬ್ಬ. ಸರಕಿನ ಮೇಲಿನ ಊರಿನ ಹೆಸರು ನೋಡಿ ಸಮುದ್ರಕ್ಕೆ ಪಹಣಿ ಬರೆಯೋಕಾಗಲ್ಲ.